ಶನಿಯಿಂದ ಗುರುವಿಗೆ ಮನೆ ಬದಲಿಸಿದ್ದು

ತೊಂದರೆ ಶುರುವಾದದ್ದು ಒಂದು ರಕ್ಷಾಪುಟದಿಂದ. ವಿಜಯನಗರ ಬಡಾವಣೆಯಲ್ಲಿ ಚೆಲುವರಾಜು ನಡೆಸುವ ಅಚ್ಚುಕೂಟದಲ್ಲಿ, ಮದುವೆ ಕಾಗದಗಳನ್ನು ಹರಡಿದ್ದ ಮೇಜಿನ ಮೇಲೆ, ಶುಕ್ರವಾರ ಬೆಳಿಗ್ಗೆ ಅದರ ಮಾದರಿ ಪ್ರತಿ ಒಣಗಲು ಮಲಗಿತ್ತು. ಕಪ್ಪು ಆಕಾಶ, ಹೊಂಬಣ್ಣದ ಬಳೆ ತೊಟ್ಟ ಗ್ರಹ, ದಪ್ಪಕ್ಷರದಲ್ಲಿ ‘ಶನಿಯ ಬಳೆಯಲ್ಲಿ ಬಾಡಿಗೆ ಮನೆ: ವೈಜ್ಞಾನಿಕ ಕಾದಂಬರಿ’. ಅದರ ಕೆಳಗೆ, ಕ್ಷಮೆ ಕೇಳುವಷ್ಟು ಸಣ್ಣದಾಗಿ, ಶಿವರಾಮು ಎಂಬ ಹೆಸರು.

ಶಿವರಾಮು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಹತ್ತೊಂಬತ್ತು ವರ್ಷ ಮಸೂರ ಒರೆಸಿ, ಲೋಲಕ ಹಂಚಿ, ಉಳಿದ ಹೊತ್ತಿನಲ್ಲಿ ಬರೆದ ಮೊದಲ ಪುಸ್ತಕ ಇದು. ಭಾನುವಾರ ಬಿಡುಗಡೆ. ಕರೆಯೋಲೆ ಹಂಚಿಯಾಗಿತ್ತು. ಬಾಕಿ ಇದ್ದದ್ದು ಎರಡೇ: ಪುಸ್ತಕ ಅಚ್ಚಾಗುವುದು ಮತ್ತು ಅದಕ್ಕೆ ಮುನ್ನುಡಿ ಬರುವುದು.

ಅವನು ಅಚ್ಚುಕೂಟದ ಮೆಟ್ಟಿಲು ಹತ್ತುವಾಗಲೇ ಒಳಗೆ ಬೆಟ್ಟಮ್ಮನ ದನಿ ಏರಿತ್ತು. ಬೆಟ್ಟಮ್ಮ ಎಂದರೆ ಬೋಗಾದಿಯಲ್ಲಿ ಅವನಿದ್ದ ಮನೆಯ ಒಡತಿ. ಕೆಳಗೆ ಅವರು, ಮಹಡಿಯಲ್ಲಿ ಇವನು. ಮಗಳ ಲಗ್ನಪತ್ರಿಕೆ ಮಾಡಿಸಲು ಬಂದವರು, ಮಾದರಿ ಎತ್ತಿಕೊಳ್ಳಲು ಹೋಗಿ ಶನಿಯ ಮೇಲೆ ಕೈ ಇಟ್ಟುಬಿಟ್ಟಿದ್ದರು. ಈಗ ಆ ಕೈಯನ್ನು, ಬಿಸಿ ಹಾಲು ಚೆಲ್ಲಿಕೊಂಡವರಂತೆ ಮೈಯಿಂದ ದೂರ ಹಿಡಿದು ನಿಂತಿದ್ದರು.

“ಏನಪ್ಪಾ ಶಿವರಾಮು, ನನ್ ಮನೆ ಮಹಡಿ ಮೇಲೆ ಕೂತ್ಕಂಡು ಶನಿ ಬರ್ದಿದ್ದೀಯಾ?”

“ಅದು ಗ್ರಹ ಕಣಮ್ಮ. ವಿಜ್ಞಾನದ್ದು.”

“ಗ್ರಹ ಅಂತ ನಂಗೆ ನೀನು ಯೇಳ್ಕೊಡ್ಬೇಕಾ? ಎಷ್ಟ್ ವರ್ಸದಿಂದ ಬರೀತಿದ್ದೀಯ?”

ಶಿವರಾಮು ಸುಳ್ಳು ಹೇಳುವುದನ್ನು ಕಾದಂಬರಿಗೆ ಮಾತ್ರ ಮೀಸಲಿಟ್ಟವನು. “ಏಳೂವರೆ ವರ್ಷ ಆಯ್ತು,” ಎಂದ. ಎಂದಮೇಲೆ ನಾಲಿಗೆ ಕಚ್ಚಿಕೊಂಡ.

“ಏಳೂವರೆ!” ಬೆಟ್ಟಮ್ಮ ಕುರ್ಚಿಯಲ್ಲಿ ಕುಸಿದರು. “ನನ್ ಮಗಳಿಗೆ ಗಂಡು ನೋಡಕ್ಕೆ ಸುರು ಮಾಡಿದ್ದೂ ಆಗ್ಲೇ ಕಣಪ್ಪ. ಬಂದೋರೆಲ್ಲ ಉಪ್ಪಿಟ್ಟು ತಿಂದ್ಕಂಡು ಹೋದ್ರು. ಈಗ್ ಗೊತ್ತಾಯ್ತು ಬುಡು, ಯಾರು ಮೇಲೆ ಕೂತಿದ್ರು ಅಂತ.”

“ಶಿವರಾಮಣ್ಣ, ಇದನ್ನೆಲ್ಲ ನಾನು ನಂಬೋನಲ್ಲ,” ಎಂದ ಚೆಲುವರಾಜು, ನಂಬುವವರೆಲ್ಲ ಮೊದಲು ಹೇಳುವಂತೆ. “ಆದ್ರೆ ನಂದು ಲಗ್ನಪತ್ರಿಕೆ ಮೇಲೆ ನಿಂತಿರೋ ಪ್ರೆಸ್ಸು. ಶನಿ ಓಡಿದ ಮಿಷನ್ನಲ್ಲಿ ಮದುವೆ ಕಾಗದ ಯಾರು ಹೊಡೆಸ್ತಾರೆ ಹೇಳಿ? ಗ್ರಹ ಬದಲಾಯಿಸ್ಬುಡಿ. ಆಕಾಶದಲ್ಲಿ ಅದೊಂದೇ ಇದ್ಯಾ?”

“ಬದಲಾಯಿಸೋಕೆ ಅದೇನು ಬಾಡಿಗೆ ಮನೇನಾ?”

“ನೀವೇ ಹಂಗೆ ಹೆಸರಿಟ್ಟಿದ್ದೀರಲ್ಲ ಸಾರ್,” ಎಂದಳು ಕಂಪ್ಯೂಟರಿನಲ್ಲಿ ಪುಟ ಜೋಡಿಸುತ್ತಿದ್ದ ಪ್ರೀತಿ, ತಲೆ ಎತ್ತದೆ.

ಅಲ್ಲಿಂದ ಮುಂದೆ ಸೌರವ್ಯೂಹವೆಂಬುದು ಹೊಸ ಬಡಾವಣೆಯ ನಕ್ಷೆಯಂತೆ ಮೇಜಿನ ಮೇಲೆ ಬಿಚ್ಚಿಕೊಂಡಿತು. ಮಂಗಳ ಎಂದ ಚೆಲುವರಾಜು, “ಕುಜದೋಸ!” ಎಂದು ಬೆಟ್ಟಮ್ಮ ಎದೆ ಮುಟ್ಟಿಕೊಂಡರು. ಶುಕ್ರನಲ್ಲಿ ಸೀಸವೇ ಕರಗುತ್ತದೆ, ಬಾಡಿಗೆದಾರ ಉಳಿಯುವುದಿಲ್ಲ ಎಂದು ಶಿವರಾಮುವೇ ತಳ್ಳಿಹಾಕಿದ. ನೆಪ್ಚೂನಿಗೆ ಚೆಲುವರಾಜು ಒಪ್ಪಲಿಲ್ಲ: “ನಮ್ಮ ಓದುಗರು ಅಷ್ಟು ದೂರ ಬರಲ್ಲ ಬಿಡಿ.”

“ಗುರುಗೆ ಹೋಗಪ್ಪ,” ಎಂದು ತೀರ್ಪು ಕೊಟ್ಟರು ಬೆಟ್ಟಮ್ಮ. “ಗುರುಬಲ ಬಂತು ಅಂದ್ರೆ ಮದ್ವೆಯಿಂದ ಹಿಡ್ದು ಮನೆ ಕಟ್ಟೋಗಂಟ ಎಲ್ಲಾ ಆಯ್ತದೆ.”

“ಗುರುವಿನ ಬಳೆ ಕಣ್ಣಿಗೇ ಕಾಣಲ್ಲ ಕಣಮ್ಮ. ನನ್ನ ಕತೇಲಿ ಅಡುಗೆಮನೆ ಕಿಟಕಿಯಿಂದ ಬಳೆ ಕಾಣ್ಬೇಕು. ಅಲ್ಲಿ ಬಾಡಿಗೆಗಿರೋರಿಗೆ ಇರೋ ಸುಖ ಅದೊಂದೇ.”

“ನಿಂಗೂ ಒಂದು ಅಡುಗೆಮನೆ ಕಿಟಕಿ ಅದೆ ಅಲ್ವಾ, ನನ್ನ ಮನೇಲಿ? ಅದು ಬೇಕೋ, ಬ್ಯಾಡ್ವೋ?”

ಚೆಲುವರಾಜು ಎದ್ದುಹೋಗಿ ಯಂತ್ರದ ಸ್ವಿಚ್ಚು ಆರಿಸಿ ಬಂದ.

ಎರಡು ದಿನದಲ್ಲಿ ಪುಸ್ತಕ ಮಾಡಿಕೊಡುವ ಬೇರೆ ಅಚ್ಚುಕೂಟ ಊರಿನಲ್ಲಿರಲಿಲ್ಲ. ಶಿವರಾಮು ಎರಡು ಕಡೆ ಫೋನು ಮಾಡಿದ, ಒಂದು ಲೋಟ ನೀರು ಕುಡಿದ, ಮಧ್ಯಾಹ್ನ ಹನ್ನೆರಡಕ್ಕೆ “ಆಗಲಿ” ಎಂದ. ಪ್ರೀತಿ ಒಂದು ಗುಂಡಿ ಒತ್ತಿದಳು. ನಾನೂರ ಹನ್ನೆರಡು ಕಡೆ ಶನಿ ಹೋಗಿ ಗುರು ಬಂದ. ಕಾದಂಬರಿಯ ಶನಿವಾರಗಳೆಲ್ಲ ಗುರುವಾರಗಳಾದವು. ಕುಡಿದು ಬಂದ ಗಂಡನಿಗೆ ನಾಯಕಿ ‘ತೊಲಗು ಶನಿ’ ಎನ್ನುವ ಕಡೆ ‘ತೊಲಗು ಗುರು’ ಎಂದಾಯಿತು. “ಇದೇ ಚೆನ್ನಾಗಿದೆ ಸಾರ್,” ಎಂದಳು ಪ್ರೀತಿ. “ನಮ್ಮ ಕಡೆ ಹುಡುಗ್ರು ಹಂಗೇ ಮಾತಾಡೋದು.” ರಕ್ಷಾಪುಟದ ಹೊಂಬಣ್ಣದ ಬಳೆಯನ್ನು ಅವಳು ಅಳಿಸುವಾಗ ಶಿವರಾಮು ಬೀದಿಯ ಕಡೆ ನೋಡುತ್ತಿದ್ದ.

ಇನ್ನು ಉಳಿದದ್ದು ಮುನ್ನುಡಿ. ಅದು ಓದುಗನಿಗೆ ಮೊದಲು ಸಿಗುವುದು, ಅಚ್ಚಿನವನಿಗೆ ಕೊನೆಗೆ ಸಿಗುವುದು. ಅದನ್ನು ಬರೆಯಲು ಒಪ್ಪಿದ್ದ ಸದಾಶಿವಯ್ಯ ಅದೇ ಕಾಲೇಜಿನ ನಿವೃತ್ತ ಭೌತಶಾಸ್ತ್ರ ಪ್ರಾಧ್ಯಾಪಕರು. ಸೇವೆಯಲ್ಲಿದ್ದಾಗ ಅವರು ಶಿವರಾಮುವಿಗೆ ಆಡಿದ ಅತಿ ಉದ್ದದ ವಾಕ್ಯ “ಏ ಶಿವರಾಮು, ಸ್ಕ್ರೂಗೇಜು ತಾ” ಎಂಬುದು. ಒಂಬತ್ತು ತಿಂಗಳಿಂದ ಹಸ್ತಪ್ರತಿ ಅವರ ಬಳಿ ಇತ್ತು. ಇಂದು ನಾಲ್ಕಕ್ಕೆ ಬಾ ಎಂದಿದ್ದರು. ಗ್ರಹ ಬದಲಾದ ಸುದ್ದಿಯನ್ನು ಅವರಿಗೆ ಹೇಳಲೇಬೇಕಿತ್ತು. ರಾಮಕೃಷ್ಣನಗರದ ತನಕ ದಾರಿಯುದ್ದಕ್ಕೂ ಶಿವರಾಮು ಅದೇ ಮಾತನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತ ನಡೆದ.

ಸದಾಶಿವಯ್ಯ ಬಾಗಿಲಲ್ಲೇ ನಿಂತಿದ್ದರು. “ಬನ್ನಿ ಶಿವರಾಮು, ಕೂತ್ಕೊಳ್ಳಿ.”

ಅವನು ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರು ತೋರಿಸಿದ ಮೊದಲ ಕುರ್ಚಿ ಅದು. ಅವನು ಅದರ ಅಂಚಿನಲ್ಲಿ ಕೂತ.

“ಎರಡು ಸಲ ಓದಿದೆ. ಲೆಕ್ಕವೂ ಹಾಕಿ ನೋಡಿದೆ. ನಾನು ಇಷ್ಟು ವರ್ಷ ಹುಡುಗರಿಗೆ ಶನಿಯ ತೂಕ, ವ್ಯಾಸ ಹೇಳಿಕೊಟ್ಟೆ. ಅಲ್ಲಿ ಒಬ್ಬ ಹೆಂಗಸು ಅನ್ನಕ್ಕೆ ಎಸರಿಡಬಹುದು ಅಂತ ನನಗೆ ಹೊಳೀಲಿಲ್ಲ.” ಸದಾಶಿವಯ್ಯ ಕನ್ನಡಕ ತೆಗೆದು ಒರೆಸಿದರು. ಒರೆಸುವ ಕೆಲಸ ತನ್ನದಲ್ಲವೇ ಎಂದು ಶಿವರಾಮುವಿನ ಕೈ ತಾನಾಗಿ ಮುಂದೆ ಹೋಗಿ ಹಿಂದೆ ಬಂತು.

“ಸಾರ್, ಒಂದು ಸಣ್ಣ ಬದಲಾವಣೆ…”

“ಏನೂ ಬದಲಾಯಿಸ್ಬೇಡಿ. ಒಂದಕ್ಷರ ಕೂಡ. ಭಾನುವಾರ ಈ ಮುನ್ನುಡೀನೇ ವೇದಿಕೆ ಮೇಲೆ ಓದ್ತೀನಿ.” ಲಕೋಟೆಯನ್ನು ಅವರು ಎರಡೂ ಕೈಯಲ್ಲಿ ಕೊಟ್ಟರು.

ಎರಡೂ ಕೈಯಲ್ಲಿ ಕೊಟ್ಟದ್ದನ್ನು ತೆಗೆದುಕೊಂಡ ಮೇಲೆ ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ಗೇಟಿನ ಹೊರಗೆ ಹೊಂಗೆಮರದ ಕೆಳಗೆ ನಿಂತು ಶಿವರಾಮು ಲಕೋಟೆ ಬಿಚ್ಚಿದ. ಮೊದಲ ಪುಟದ ಮಧ್ಯದ ಸಾಲುಗಳಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿತ್ತು.

‘ಕನ್ನಡದಲ್ಲಿ ಆಕಾಶಕ್ಕೆ ಹೊರಟ ಲೇಖಕ ಮೊದಲು ದಾಟಬೇಕಾದದ್ದು ಭೂಮಿಯ ಸೆಳೆತವನ್ನಲ್ಲ, ನೆರೆಹೊರೆಯ ಭಯವನ್ನು. ಧೈರ್ಯವಿಲ್ಲದವನಾಗಿದ್ದರೆ ಗುರುವಿಗೆ ಹೋಗುತ್ತಿದ್ದ. ಶಿವರಾಮು ಶನಿಗೇ ಹೋದರು.’

ಅವನು ಮೂರು ಸಲ ಓದಿದ. ಆಮೇಲೆ ಚೆಲುವರಾಜುವಿಗೆ ಫೋನು ಮಾಡಿದ. “ಮಿಷನ್ ನಿಲ್ಸಿ. ಹಳೇದನ್ನೇ ಹಾಕೋಣ. ಮನೆ ಬೇಕಾದ್ರೆ ಖಾಲಿ ಮಾಡ್ತೀನಿ.”

“ನಿಲ್ಸೋದೇನು ಶಿವರಾಮಣ್ಣ, ಮುಗಿದೇ ಹೋಯ್ತು! ಮುನ್ನುಡಿ ಹಾಳೆ ಒಂದು ಬಿಟ್ಟು ಐನೂರು ಪ್ರತೀನೂ ಓಡಿಸ್ಬುಟ್ಟೆ. ಕವರೂ ಆಯ್ತು. ನಿಮ್ಮ ಮೇಷ್ಟ್ರು ಎಂಥಾ ಒಳ್ಳೆಯೋರು ಅಂತೀರಿ, ಕರೆಯೋಲೇಲಿ ನನ್ನ ನಂಬರ್ ನೋಡಿ ಮೂರು ಗಂಟೆಗೇ ಫೋನ್ ಮಾಡಿದ್ರು. ಹಿಂದಿನ ರಕ್ಷಾಪುಟಕ್ಕೆ ಹಾಕಿ ಅಂತ ಎರಡು ಸಾಲು ಅವರೇ ಹೇಳಿ ಬರೆಸಿದ್ರು. ಅದರಲ್ಲಿ ಒಂದು ಕಡೆ ಆ ಹೆಸರು ಬಂದ್ಬುಟ್ಟಿತ್ತು. ವಯಸ್ಸಾದೋರು ನೋಡಿ, ಹಳೇದೇ ನೆನಪಲ್ಲಿತ್ತೇನೋ. ನಾನೇ ತಿದ್ದಿಸ್ಬುಟ್ಟೆ. ಓದ್ಲಾ?”

ಚೆಲುವರಾಜು ಗಂಟಲು ಸರಿಮಾಡಿಕೊಂಡು, ಲಗ್ನಪತ್ರಿಕೆ ಓದುವ ರಾಗದಲ್ಲಿ ಓದಿದ:

“‘ಧೈರ್ಯವಿಲ್ಲದವನಾಗಿದ್ದರೆ ಗುರುವಿಗೆ ಹೋಗುತ್ತಿದ್ದ. ಶಿವರಾಮು ಗುರುವಿಗೇ ಹೋದರು.’ ತಪ್ಪೇನಾದ್ರೂ ಉಳ್ಕೊಂಡಿದ್ಯಾ ಶಿವರಾಮಣ್ಣ?”

“ಇಲ್ಲ,” ಎಂದ ಶಿವರಾಮು. “ಸರಿಯಾಗಿದೆ.”