ಎಮ್ಮೆಯ ಕೆಳಗೆ ಬಿ.ಎ.

ಪತ್ರಿಕೆಯಲ್ಲಿ ಫೋಟೊದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಚಿತ್ರ’ ಎಂದು ಹಾಕಿ, ತೆಗೆದವರ ಹೆಸರು ಕೊಟ್ಟಿರುತ್ತಾರಲ್ಲ, ಅದನ್ನು ಯಾರಾದರೂ ಓದುತ್ತಾರೆಯೇ? ಇದು ನನ್ನ ಬಹುಕಾಲದ ಕುತೂಹಲ. ಬಸ್ಸಿನಲ್ಲಿ ಪಕ್ಕದವರು ಪೇಪರು ಬಿಡಿಸಿದರೆ, ಅವರ ಕಣ್ಣು ಎಲ್ಲಿಯವರೆಗೆ ಇಳಿಯುತ್ತದೆ ಎಂದು ಈಗಲೂ ಕಳ್ಳನಂತೆ ನೋಡುತ್ತೇನೆ. ಬಹಳ ಜನ ಫೋಟೊಕ್ಕೇ ನಿಂತುಬಿಡುತ್ತಾರೆ. ಆದರೆ ನನ್ನ ಮೊದಲ ಫೋಟೊ ಬಂದಾಗ ಹೊಸನಗರದ ಹತ್ತಿರದ ನಮ್ಮೂರಿಗೆ ಊರೇ ಅದನ್ನು ಓದಿತ್ತು.

ಆಗಷ್ಟೇ ಸಾಗರದಲ್ಲಿ ಬಿ.ಎ. ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನೇ. ಎರಡನೇ ವರ್ಷದ ಇಂಗ್ಲಿಷ್ ಪರೀಕ್ಷೆಯನ್ನು ಮೂರು ಸಲ ಬರೆದಿದ್ದೆನಾದ್ದರಿಂದ ಆ ಎರಡು ಅಕ್ಷರಗಳ ಮೇಲೆ ನನಗೆ ಬೇರೆಯವರಿಗಿಂತ ಹೆಚ್ಚು ಹಕ್ಕಿತ್ತು. ಬೇರೆ ಕೆಲಸ ಸಿಗುವ ತನಕ ಇರಲಿ ಎಂದು ಸಾಗರದ ಸಣ್ಣ ಪತ್ರಿಕೆಯೊಂದಕ್ಕೆ ಫೋಟೊ ತೆಗೆಯಲು ಸೇರಿದೆ. ಓದು ಬಾರದ ಅಪ್ಪಯ್ಯನಿಗೆ ಸಮಾಧಾನವಿರಲಿಲ್ಲ. “ಇದ್ಕೆ ಬಿ.ಎ. ಎಂತಕ್ ಬೇಕಿತ್ತಾ?” ಎನ್ನುತ್ತಿದ್ದರು. ಡಿಗ್ರಿ ದಂಡವಾಗಲಿಲ್ಲ ಎಂದು ಅವರಿಗೆ ಅಚ್ಚಿನಲ್ಲೇ ತೋರಿಸಬೇಕಿತ್ತು.

ಆ ಮೊದಲ ಫೋಟೊ, ತೀರ್ಥಹಳ್ಳಿ ರಸ್ತೆಯ ಬಸ್ ತಂಗುದಾಣದಲ್ಲಿ ಮೆಲುಕು ಹಾಕುತ್ತ ಮಲಗಿದ್ದ ಎಮ್ಮೆಯದು. ನನ್ನ ಹೆಸರಿನ ಜೊತೆ ಬಿ.ಎ. ಹಾಕಿ ಎಂದಾಗ ಉಪಸಂಪಾದಕರು ಕನ್ನಡಕದ ಮೇಲಿಂದ ನೋಡಿದರು.

“ಎಮ್ಮೆ ಫೋಟೊಕ್ಕೆ ಡಿಗ್ರಿ ಯಾಕೋ ಮಾರಾಯ?”

“ನಮ್ಮನೇಲಿ ಓದಿದವ ನಾನೊಬ್ನೇ ಸಾರ್. ಹಾಕಿ.”

ಹಾಕಿದರು. ಎಮ್ಮೆಯ ಹೊಟ್ಟೆಯ ಕೆಳಗೇ ಬಂತು: ‘ಚಿತ್ರ: ಚೌಡಪ್ಪ, ಬಿ.ಎ.’

ಎದೆ ಉಬ್ಬಿಸಿಕೊಂಡು ಊರಿನ ಚಹಾದಂಗಡಿಗೆ ಹೋದೆ. ಅಂಗಡಿಯ ಮಂಜಣ್ಣ ಗಟ್ಟಿಯಾಗಿ ಓದಿ, “ಹಂಗಾರೆ ಇದು ನಮ್ ಚೌಡನ ಚಿತ್ರ! ಸ್ವಲ್ಪ ದಪ್ಪ ಆಗ್ಯಾನೆ,” ಎಂದ. ಬೆಂಚಿನ ಮೇಲಿದ್ದವನೊಬ್ಬ ಸೇರಿಸಿದ: “ಸುಮ್ನಿರಾ. ಬಿ.ಎ. ಮಾಡಿದ್ದು ಎಮ್ಮೆ. ಕೆಲ್ಸ ಸಿಗ್ದೆ ಬಸ್ ಸ್ಟಾಪಲ್ಲಿ ಮಲಗ್ಯದೆ.”

ಚಹಾ ಅರ್ಧಕ್ಕೆ ಬಿಟ್ಟು ಬಂದೆ. ಮುಂದಿನ ಫೋಟೊ ಸಿಗಂದೂರಿಗೆ ಹೋಗಲು ಹಿನ್ನೀರು ದಾಟಿಸುವ ಲಾಂಚಿಗೆ ಕಾದು ನಿಂತವರದು. ಅದರಲ್ಲಿ ಎಮ್ಮೆ ಇರಲಿಲ್ಲ. ಆದರೂ ಹೆದರಿ, ಬಿ.ಎ. ಬೇಡವೆಂದು ಹೇಳಿಬಂದೆ.

ಆ ಪೇಪರನ್ನು ಅಪ್ಪಯ್ಯ ಅಂಗಳದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಹೋದ್ ಸಲ ಕೊನೇಲಿ ಎರಡು ಚುಕ್ಕಿ ಇದ್ವು. ಎಲ್ ಹೋದ್ವಾ?”

ಆ ಚುಕ್ಕಿಗಳೇ ಬಿ.ಎ. ಎಂದು ಯಾರಿಂದಲೋ ಕೇಳಿ ಅವರು ಗುರುತಿಟ್ಟುಕೊಂಡಿದ್ದಾರೆಂದು ನನಗೆ ಗೊತ್ತಾದದ್ದು ಆಗಲೇ. ಎಮ್ಮೆಯ ಪೇಪರು ಅವರ ಟ್ರಂಕಿನಲ್ಲಿ ಪಂಚೆಯ ಕೆಳಗೆ ಜೋಪಾನವಾಗಿತ್ತಂತೆ.

“ಜಾಗ ಸಾಕಾಗ್ಲಿಲ್ಲ ಅಪ್ಪಯ್ಯ.”

ಅವರು ನನ್ನ ಹೆಸರಿನ ಪಕ್ಕದ ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟರು. “ನನ್ ಬೆರಳೇ ಹಿಡೀತಲಾ. ನಿಜ ಹೇಳು, ಡಿಗ್ರಿ ವಾಪಸ್ ತಗಂಡ್ರಾ?”

ಮರುದಿನ ಮೊದಲ ಬಸ್ಸಿಗೇ ಕಚೇರಿಗೆ ಓಡಿದೆ. “ಸಾರ್, ಬಿ.ಎ. ಮತ್ತೆ ಹಾಕಿ. ಇನ್ನು ಯಾವತ್ತೂ ತೆಗೀಬೇಡಿ.”

“ಆಯ್ತಪ್ಪ,” ಎಂದು ಉಪಸಂಪಾದಕರು ಕೈ ಚಾಚಿದರು. “ಈ ಸಲ ಎಂತ ತಂದಿದೀಯ?”

ಲಕೋಟೆ ಕೊಡುತ್ತ ಹೇಳಿದೆ: “ಮಂಗ, ಸಾರ್.”