ಅವ್ವ ಹೊಲಿದ ಗಾಲಿ

ಕೆಲವರು ಏನು ಕಂಡರೂ ದಂಗಾಗುವುದಿಲ್ಲ. ಬಾಗಿಲಿಗೆ ಆನೆ ಬಂದು ನಿಂತರೂ ‘ನಿಲ್ಲಲಿ ಬಿಡು’ ಎಂದು ಎಲೆಗೆ ಸುಣ್ಣ ಸವರುತ್ತ ಕೂಡುತ್ತಾರೆ. ನಾನು ಆ ಪೈಕಿಯವನಲ್ಲ. ಮೊದಲ ಸಲ ರೇಲ್ವೆ ಎಂಜಿನ್ ಸೀಟಿ ಹೊಡೆದಾಗ ಕೈಯಲ್ಲಿದ್ದ ಬುತ್ತಿಯನ್ನು ಒಗೆದು ಓಡಿದವನು ನಾನು. ನನ್ನ ಹೆಂಡತಿ ಗಂಗವ್ವ ಅದನ್ನು ಇನ್ನೂ ಮರೆತಿಲ್ಲ. ಬುತ್ತಿ ಕಟ್ಟಿದವಳು ಅವಳು. ಆದರೆ ಜೀವಮಾನದಲ್ಲಿ ನನ್ನ ಎದೆಯನ್ನು ನಿಜವಾಗಿ ಝಲ್ಲೆನಿಸಿದ್ದು ಎಂಜಿನ್ ಅಲ್ಲ, ಗೇಣಗಲದ ಒಂದು ಗಾಲಿ.

ನಾಡು ಒಂದಾದ ಹೊಸತು. ಎಲ್ಲರೂ ಏನಾದರೂ ಹೊಸದು ಮಾಡಬೇಕು ಎನ್ನುತ್ತಿದ್ದರು. ಗಜೇಂದ್ರಗಡದಲ್ಲಿ ಅಣ್ಣನ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಗಿ, ಸೀನಿ ಸೀನಿ ಸಾಕಾಗಿದ್ದ ನಾನು ಚೂರಿ ಮಾಡುವ ಹುಚ್ಚು ಹಚ್ಚಿಕೊಂಡೆ. ಕಮ್ಮಾರನಿಂದ ಅಲಗು ಬಡಿಸಿ ತಂದು, ಸಾಣೆ ಹಿಡಿದು, ಹಿಡಿಕೆ ಕೂಡಿಸುತ್ತಿದ್ದೆ. ನನ್ನ ಚೂರಿ ಚಂದ ಕೊಯ್ಯುತ್ತಿತ್ತು, ಹೊಳೆಯುತ್ತಿರಲಿಲ್ಲ ಅಷ್ಟೆ. ನರಗುಂದದ ಬಜಾರಿನಲ್ಲಿ ಮಾವನವರದೊಂದು ಖಾಲಿ ಮಳಿಗೆಯಿತ್ತು. ಅದನ್ನು ಕೇಳಿದಾಗ ಅವರು ತಮ್ಮ ಅಜ್ಜನ ಕಾಲದ, ಕೋಡಿನ ಹಿಡಿಕೆಯ ಕಪ್ಪುಗಟ್ಟಿದ ಚೂರಿಯನ್ನು ನನ್ನ ಕೈಗಿಟ್ಟರು. “ಇದರಾಗ ನನ್ನ ಮಾರಿ ಕಾಣಬೇಕು, ಅಳಿಯಾರ. ಕಂಡ್ರ ಮಳಗಿ ನಿಮ್ದು. ಇಲ್ಲಾಂದ್ರ ಸುಮ್ನ ಮೆಣಸಿನಕಾಯಿ ತೂಗ್ರಿ. ಸೋಮವಾರ ನಾನೇ ಬಂದು ನೋಡ್ತೀನಿ” ಎಂದರು. ನನ್ನ ಮುಂದಿನ ಬದುಕೆಲ್ಲ ಆ ಸೋಮವಾರಕ್ಕೆ ಜೋತುಬಿತ್ತು.

ಚೂರಿಗೆ ಹೊಳಪು ಕೊಡುವ ಗಾಲಿ ತರಲು ಗಂಗವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಪಾಲಿಶ್ ಗಾಲಿ ಎಂದರೆ ಕಲ್ಲಿನದೋ ಕಬ್ಬಿಣದ್ದೋ ಇರಬೇಕೆಂದು ನನ್ನ ಎಣಿಕೆ. ಅಂಗಡಿಯವ ಮುಂದಿಟ್ಟದ್ದನ್ನು ಮುಟ್ಟಿ ನೋಡಿ ಬೆಚ್ಚಿಬಿದ್ದೆ.

“ಇದೇನ್ರಿ, ಅರಿವಿ!”

“ಅರಿವೀನ ರೀ. ಪದರಿನ ಮ್ಯಾಲ ಪದರಿಟ್ಟು ಹೊಲದದ್ದು. ಒತ್ತಿ ಹೊಲದದ್ದು ಗೀರು ತಗೀತೈತಿ, ಸಡ್ಲ ಹೊಲದದ್ದು ಹೊಳಪು ಕೊಡತೈತಿ. ಅದಕ್ಕ ಕರೇ ಮಸಾಲಿ, ಇದಕ್ಕ ಬಿಳೇದು. ಎರಡೂ ಕಲಸಬ್ಯಾಡ್ರಿ. ಮತ್ತ ಅಲಗು ಗಾಲಿ ತಿರುಗೋ ಕಡೇನ ಇರಲಿ. ಎದುರು ಹಿಡದ್ರ ಕಸಗೊಂಡು ಒಗೀತೈತಿ.”

ಅವನು ಹೇಳುತ್ತಲೇ ಇದ್ದ. ನನ್ನ ಕಿವಿ ಅರಿವೆಯಲ್ಲೇ ನಿಂತುಬಿಟ್ಟಿತ್ತು. ಉಕ್ಕಿಗೆ ಹೊಳಪು ಕೊಡುವುದು ಅರಿವೆಯೆ? ಪದರಿನ ಮೇಲೆ ಪದರಿಟ್ಟು ಹೊಲಿಯುವುದೆಂದರೆ ಕೌದಿಯಲ್ಲವೆ? ಹಳೆಯ ಸೀರೆ ಹರಿದು ನನ್ನ ಅವ್ವ ಹೊಲಿದ ಕೌದಿಯನ್ನು ನೋಡಲು ಜಕ್ಕಲಿಯಿಂದ, ಪುರ್ತಗೇರಿಯಿಂದ ಬೀಗರು ಬರುತ್ತಿದ್ದರು. ಅಂಥ ಅವ್ವ ಮನೆಯಲ್ಲಿರುವಾಗ ಅಂಗಡಿಯ ಚಿಂದಿ ಏಕೆ? ಗಾಲಿಗೆ ಸವರುವ ಮಸಾಲೆಯ ಎರಡು ಗಟ್ಟಿ ಮಾತ್ರ ಕೊಂಡೆ. “ಗಾಲಿನೂ ತಗೋರಿ” ಎಂದು ಗಂಗವ್ವ ಸೆರಗಿನ ಮರೆಯಲ್ಲಿ ಅಂದದ್ದು ನನಗೆ ಕೇಳಿಸಿತು. ಕೇಳಿಸದವನಂತೆ ನಡೆದೆ.

ದುಂಡನೆಯ ಕೌದಿಯನ್ನು ಈವರೆಗೆ ಯಾರೂ ಕೇಳಿರಲಿಲ್ಲವಾದ್ದರಿಂದ ಅವ್ವನಿಗೆ ಭಾರಿ ಹುರುಪು ಬಂತು. ನಮ್ಮ ಓಣಿಗೆ ಇನ್ನೂ ವಿದ್ಯುತ್ ಬಂದಿರಲಿಲ್ಲ. ಹಳೆಯ ಸೈಕಲ್ಲನ್ನು ತಲೆಕೆಳಗು ಮಾಡಿ ಬಿಗಿದು, ಅದರ ಹಿಂಗಾಲಿಗೆ ಪಟ್ಟಿ ಹಾಕಿ, ಅವ್ವನ ಗಾಲಿ ತಿರುಗುವಂತೆ ಮಾಡಿದೆ. ಪೆಡಲ್ ತಿರುವುವ ಕೆಲಸ ಗಂಗವ್ವನದು.

ಸೋಮವಾರ ಮಾವನವರು ಬಂದು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತರು. ಅವರೆದುರೇ ಗಾಲಿಗೆ ಹಿಡಿದ ಚೂರಿಯ ಒಂದು ಮಗ್ಗಲು ಅಚ್ಚರಿಯಾಗುವಂತೆ ಹೊಳೆಯಿತು. ಅವರು ಅದರಲ್ಲಿ ತಮ್ಮ ಮೀಸೆ ನೋಡಿಕೊಂಡು ತುದಿ ತಿರುವಿದರು. ನನಗೆ ಆಗಲೇ ನರಗುಂದದ ಮಳಿಗೆ ಕಾಣತೊಡಗಿತು. ಅದೇ ಗುಂಗಿನಲ್ಲಿ ಚೂರಿಯನ್ನು ಮಗುಚಿ ಗಾಲಿಗೆ ಒತ್ತಿದೆ.

“ಏನ್ರಿ, ಅಲಗು ಎದುರಾತು” ಎಂದಳು ಗಂಗವ್ವ.

“ನೀ ತಿರುವು” ಎಂದೆ.

ತಿರುವಿದಳು. ಗಾಲಿ ದಡಬಡ ಕುಣಿಯಿತು, ಹೊಲಿಗೆ ಬಿಚ್ಚಿತು, ನನ್ನ ಕೈ ಬರಿದಾಯಿತು. ಚೂರಿ ಹೋದದ್ದನ್ನು ಯಾರೂ ನೋಡಲಿಲ್ಲ. ನೋಡಿದಾಗ ಅದು ಮಾವನವರ ರುಮಾಲಿನ ಪಕ್ಕ, ಬಾಗಿಲ ಚೌಕಟ್ಟಿನಲ್ಲಿ ನಾಟಿಕೊಂಡು ನಡುಗುತ್ತಿತ್ತು. ನಾನು ಅದಕ್ಕಿಂತ ಹೆಚ್ಚು ನಡುಗುತ್ತಿದ್ದೆ. ಎಲ್ಲರೂ ಅತ್ತ ನೋಡುತ್ತಿರುವಾಗ, ಬಿಚ್ಚಿಯೂ ತಿರುಗುತ್ತಲೇ ಇದ್ದ ಗಾಲಿಯಿಂದ ಇನ್ನೊಂದು ವಸ್ತು ಸಿಡಿದು ಮಾವನವರ ಮಡಿಲಿಗೆ ಬಿತ್ತು. ಅವರು ಅದನ್ನೆತ್ತಿ ಹಿಡಿದರು. ಒಣ ರೊಟ್ಟಿಯ ಚೂರು!

“ನಾನೇ ಇಟ್ಟಿದ್ದೆ, ಬೀಗರ” ಎಂದಳು ಅವ್ವ, ತಣ್ಣಗೆ. “ಕೌದಿ ಮುಗಸುವಾಗ ಒಳಗ ಒಂದು ತುತ್ತು ಇಡದ ಹೊಲಿಬಾರದಲ್ರಿ. ಕೌದಿ ಉಪಾಸ ಇರಬಾರದು.”

“ಅವ್ವಾ, ಇದು ಕೌದಿ ಅಲ್ಲ, ಗಾಲಿ!” ನನ್ನ ದನಿ ಚೀರಿತು.

“ಗಾಲಿಗೆ ಹಸಿವಿ ಆಗೂದಿಲ್ಲೇನು? ಅಷ್ಟು ತಿರಗತೈತಿ, ಪಾಪ.”

ಮಾವನವರು ಈಗ ಸಿಡಿದೇಳುತ್ತಾರೆ ಎಂದು ಕಣ್ಣು ಮುಚ್ಚಿದೆ. ಅವರು ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, “ಒಂದೇ ಕಡೆ ಇಟ್ಟೀರಿ, ಬೀಗತ್ಯಾರ. ಅದಕ್ಕ ಜೋಲಿ ತಪ್ಪೇತಿ. ನಾಕೂ ಮೂಲಿಗೆ ಇಡಬೇಕಿತ್ತು” ಎಂದರು. “ದುಂಡಂದಕ್ಕ ಮೂಲಿ ಎಲ್ಲಿ ಅದಾವ್ರಿ?” ಎಂದು ಅವ್ವ ಕೇಳಿದಳು. ಜೀವ ಹೋಗುವುದು ಕೂದಲೆಳೆಯಲ್ಲಿ ತಪ್ಪಿದ ಮನುಷ್ಯ ನನ್ನ ಅವ್ವನೊಡನೆ ರೊಟ್ಟಿ ಇಡುವ ಜಾಗದ ಚರ್ಚೆಗೆ ಕುಳಿತದ್ದನ್ನು ಕಂಡು ನಾನು ಮತ್ತೊಮ್ಮೆ ದಂಗಾದೆ.

ಚರ್ಚೆ ಮುಗಿಸಿ ಮಾವನವರು ಚೂರಿ ಕಿತ್ತರು. ಹೊಳೆವ ಮಗ್ಗಲಲ್ಲಿ ಇನ್ನೊಮ್ಮೆ ಮುಖ ನೋಡಿಕೊಂಡು ಮಗಳ ಕಡೆ ತಿರುಗಿದರು.

“ಅಲಗು ಎದುರಾತು ಅಂತ ನೀ ಮೊದಲೇ ಹೇಳಿದ್ಯಲ್ಲ?”

“ಹೇಳಿದ್ನೆಪ್ಪಾ.”

“ಹಂಗಾದ್ರ ಮಳಗಿ ಕೊಡ್ತೀನಿ. ಚೂರಿ ನೀ ಹಿಡಿ. ಅಳಿಯಾರು ಪೆಡಲ್ ತಿರುವಲಿ.”

ಹಾಗೆ ನಮ್ಮ ಅಂಗಡಿ ನರಗುಂದದಲ್ಲಿ ಶುರುವಾಯಿತು, ಹುಬ್ಬಳ್ಳಿಯ ಗಾಲಿಯಿಂದಲೇ. ಮೊನ್ನೆ ರೋಣದ ಹಿರಿಯರೊಬ್ಬರು ಚೂರಿ ಕೊಳ್ಳಲು ಬಂದವರು, ಬೆವರು ಸುರಿಸುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಚ್ಚಿದರು.

“ಆಳು ಚಲೋ ಸಿಕ್ಕಾನ್ರಿ, ತಂಗಿ. ಯಾವೂರವ?”

ಗಂಗವ್ವ ಅಲಗಿನಿಂದ ಕಣ್ಣೆತ್ತಲಿಲ್ಲ. “ಗಜೇಂದ್ರಗಡದವರ್ರಿ. ಇನ್ನೂ ಕಲಿಯಾಕತ್ತಾರ” ಎಂದಳು.