ನಳ ಬಾರದ ಓಣಿಗೆ ಬಂದ ಹಾಯಿದೋಣಿ

"ಯುಗಾದಿ ಮರುದಿನ. ಬೆಳಿಗ್ಗೆ ಹೋಳಿಗೆ ಬಿಸಿ ಮಾಡಿದೆ. ಮಧ್ಯಾಹ್ನ ದೋಣಿ ಬಂತು."

ನನ್ನ ಹಳೆಯ ಡೈರಿಯಲ್ಲಿ ಅಂದಿನ ಪುಟ ಇಷ್ಟೇ. ಇಂಥವು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು, ಬರೆದಿಡದಿದ್ದರೆ ಮೊಮ್ಮಕ್ಕಳು ನಂಬುವುದಿಲ್ಲ.

೧. ಆಗಮನ

ನಮ್ಮ ಯಜಮಾನರು ನೌಕಾಪಡೆಯ ಉಗ್ರಾಣದಲ್ಲಿದ್ದು ನಿವೃತ್ತರಾದವರು. ಸಮುದ್ರವನ್ನು ಕಿಟಕಿಯಿಂದ ಚೆನ್ನಾಗಿ ಬಲ್ಲರು. ಪಡೆಯ ಹುಡುಗರು ಕಲಿತು ಕಲಿತು ಹಳತಾದ ಹಾಯಿದೋಣಿ ಹರಾಜಿಗೆ ಬಂದಾಗ ಇವರು ಹಿಡಿದರು. ಅದನ್ನು ಹೊತ್ತ ಲಾರಿ ವಿಜಯಪುರದ ನಮ್ಮ ಓಣಿಗೆ ತಿರುಗುವಾಗ ಕಂಪೌಂಡ್ ಗೋಡೆ ಬಿತ್ತು.

ಎದುರುಮನೆಯಾಕೆ ಓಡಿ ಬಂದಳು. "ವೈನಿ, ಇಲ್ಲೆ ನಳಾನ ವಾರಕ್ಕೊಮ್ಮೆ ಬರ್ತಾವ. ಇದನ್ನೆಲ್ಲಿ ತೇಲಸ್ತೀರಿ?"

"ಕಾರವಾರಕ್ಕ ಒಯ್ತೇವಿ. ಇನ್ನ ಅದರಾಗ ನಮ್ಮ ಸಂಸಾರ," ಎಂದರು ಯಜಮಾನರು. ನನಗೂ ಆಗಲೇ ತಿಳಿದದ್ದು.

ನಾನೆಂದೆ: "ಮೊದಲ ಭೂತನಾಳ ಕೆರ್ಯಾಗ ತೇಲಿಸಿ ತೋರಸ್ರಿ. ತೇಲಿದ್ರ ಮನಿ ಬಿಟ್ಟು ಬರ್ತೇನಿ. ಮುಳುಗಿದ್ರ ನಾ ಹೇಳಿದಂಗ ನೀವು."

"ಮುಳುಗೂದಾ? ನೌಕಾಪಡೀ ದೋಣಿ ಇದು!"

ಎದುರುಮನೆಯಾಕೆ ಮೆಲ್ಲಗೆ ಕೇಳಿದಳು: "ಹಂಗಾದ್ರ ನಿಮ್ಮ ಫ್ರಿಜ್ ಮಾರ್ತೀರೇನ್ರಿ?"

೨. ರೂಢಿ

ಸಮುದ್ರವಾಸ ರೂಢಿಯಾಗಲೆಂದು, ಅಂಗಳದಲ್ಲಿ ಕಟ್ಟಿಗೆಯ ಆನಿಕೆಯ ಮೇಲೆ ನಿಂತ ದೋಣಿಯೊಳಗೇ ಮಲಗಬೇಕಾಯಿತು. ಮಲಗುವ ಹಲಗೆ ಇಸ್ತ್ರಿ ಮೇಜಿನಷ್ಟು ಅಗಲ. ಎದ್ದರೆ ತಲೆಗೆ ಪೆಟ್ಟು, ಹೊರಳಿದರೆ ಯಜಮಾನರಿಗೆ ಪೆಟ್ಟು.

ಅವರು ಪಾಠ ಶುರು ಮಾಡಿದರು. "ಹಡಗಿನ್ಯಾಗ ನೀರು ಅಳದು ಬಳಸಬೇಕು. ಸ್ನಾನಕ್ಕ ಅರ್ಧ ಬಕೀಟ. ಅದ ನೀರು ಮುಂದ ನೆಲ ಒರಸಾಕ."

"ನಾ ಈ ಊರಾಗ ಹುಟ್ಟಿ ಬೆಳದಾಕಿ," ಎಂದೆ. "ಇದನ್ನ ಕಲಿಯಾಕ ನನಗ ದೋಣಿ ಬೇಕೇನ್ರಿ?"

೩. ದುರಸ್ತಿ

ದೋಣಿಯ ತಳ ಕೊಳೆತಿತ್ತು. ಸಾರವಾಡದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಮಿಸ್ತ್ರಿಗೆ ಒಪ್ಪಿಸಿದರು. ಅವನು ದೋಣಿ ಕಂಡವನಲ್ಲ; ಒಪ್ಪಿಸಿದವರು ನಡೆಸಿದವರಲ್ಲ. ಹೀಗಾಗಿ ಇಬ್ಬರಿಗೂ ಬೇಗ ಹೊಂದಾಣಿಕೆಯಾಯಿತು.

ದೋಣಿ ಮರಳಿದಾಗ ಕೆಂಪು ಬಣ್ಣ, ಹಾಯಿಯ ಜಾಗದಲ್ಲಿ ತಾಡಪತ್ರಿ, ಹಿಂದೆ "ಹಾರ್ನ್ ಮಾಡಿ".

"ಗ್ಯಾರಂಟಿ ಕೊಡ್ತೇನ್ರಿ ಸಾಹೇಬ್ರ," ಎಂದ ಮಿಸ್ತ್ರಿ. "ಎಂಥಾ ಮಳಿ ಬರಲಿ, ಒಳಗ ಒಂದು ಹನಿ ನೀರ ನಿಲ್ಲಂಗಿಲ್ಲ."

ಯಜಮಾನರು ನನ್ನತ್ತ ನೋಡಿ ಮೀಸೆ ತಿರುವಿದರು. ಇನ್ನು ಮನೆ ಬಿಡುವುದೇ ಎಂದುಕೊಂಡು ನಾನು ಉಪ್ಪಿನಕಾಯಿ ಭರಣಿಗಳಿಗೆ ಬಟ್ಟೆ ಕಟ್ಟತೊಡಗಿದೆ. ಎದುರುಮನೆಯಾಕೆ ಟೇಪು ತಂದು ಫ್ರಿಜ್ ಅಳೆದು, ಮುಂಗಡವನ್ನೂ ಇಟ್ಟು ಹೋದಳು.

೪. ಭೂತನಾಳ

ಅನುಮತಿ ಪಡೆದು ದೋಣಿಯನ್ನು ಕೆರೆಯ ದಂಡೆಗೆ ಒಯ್ದೆವು. ಹೂವಿನ ಹಾರ, ಕಾಯಿ, ಕರ್ಪೂರ ಎಲ್ಲ ಆಯಿತು. ಯಜಮಾನರು ಹಳೆಯ ಟೊಪ್ಪಿಗೆ ಹಾಕಿ, ಮಿಸ್ತ್ರಿಯನ್ನೂ ಹತ್ತಿಸಿಕೊಂಡು ನಿಂತರು. ಜನ ನೂಕಿದರು. ದೋಣಿ ತೇಲಿತು! ನಾನು ಕಣ್ಣು ಮುಚ್ಚಿದೆ. ತೆರೆದಾಗ ಯಜಮಾನರು ಸೆಲ್ಯೂಟ್ ಹೊಡೆದ ಭಂಗಿಯಲ್ಲೇ ಕೆಳಗಿಳಿಯುತ್ತಿದ್ದರು. ಪುಣ್ಯಕ್ಕೆ ಅಲ್ಲಿ ಸೊಂಟದಷ್ಟೇ ನೀರು.

"ಲೇ ಮಿಸ್ತ್ರಿ! ನೀರ ಎಲ್ಲಿಂದ ಬರಾಕತ್ತಾವ?"

"ತಳದಾಗ ತೂತು ಬಿಟ್ಟೇನಲ್ರಿ."

"ತೂತಾ!"

"ಮತ್ತ? ಎಲ್ಲಾ ಟ್ರೇಲರಿಗೂ ಬಿಡ್ತೇನ್ರಿ, ಮಳಿ ನೀರ ಹೊರಗ ಹೋಗಾಕ. ಹೊರಗಿನ ನೀರ ಒಳಗ ಬರೂವಷ್ಟು ನೀರ ನಮ್ಮ ಕಡೆ ಯಾವಾಗ ಕಂಡೇವ್ರಿ, ಸಾಹೇಬ್ರ?"

ಆ ದೋಣಿ ಈಗ, ಮಾತಿನಂತೆ ನಾನು ಹೇಳಿದ ಕಡೆ, ಕಳ್ಳಕವಟಗಿಯ ನಮ್ಮ ಹೊಲದಲ್ಲಿದೆ. ಎಮ್ಮೆಗಳ ಮೇವು ತುಂಬಿಡುತ್ತೇವೆ. ಮಿಸ್ತ್ರಿಯ ಗ್ಯಾರಂಟಿ ಸುಳ್ಳಾಗಿಲ್ಲ, ಒಂದು ಹನಿ ನಿಲ್ಲುವುದಿಲ್ಲ. ಒಟ್ಟು ಖರ್ಚು: ಹರಾಜಿನ ಹಣ, ಲಾರಿ ಬಾಡಿಗೆ, ಒಂದು ಗೋಡೆ, ಕೆಂಪು ಬಣ್ಣ, ಕೆರೆಯಿಂದ ಎಳೆದ ಕ್ರೇನು. ಎದುರುಮನೆಯಾಕೆಗೆ ಮುಂಗಡ ವಾಪಸು ಕೊಟ್ಟಾಗಿದೆ.